ಬ್ಯಾಟರಿಯಲ್ಲಿ 12.4, ಫ್ರಿಜ್‌ನಲ್ಲಿ 11.2: ನಡುವಿನ ವೋಲ್ಟ್ ಎಲ್ಲಿ ಹೋಯಿತು?

ಪ್ರಶ್ನೆ: ನಾವು ಕಲಬುರಗಿಯವರು. ಬಿಎಸ್6 ಡೀಸೆಲ್ ಎಸ್‌ಯುವಿ ಇದೆ. ಹೋದ ವರ್ಷ ಡಿಕ್ಕಿಯಲ್ಲಿ ಇಡಲು 45 ಲೀಟರಿನ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಕೊಂಡೆವು. ಬರುವ ಮೇ ಕೊನೆಗೆ ಬೀದರ್, ನಾಂದೇಡ್, ನಾಗಪುರ ದಾಟಿ ಹಿಮಾಚಲದ ಸ್ಪಿತಿವರೆಗೆ ಗಾಡಿಯಲ್ಲೇ ಹೋಗುವ ವಿಚಾರ. ಹೆಚ್ಚಿನ ರಾತ್ರಿ ಲಾಡ್ಜ್, ಮೂರ್ನಾಲ್ಕು ರಾತ್ರಿ ಟೆಂಟ್. ಅವ್ವ ಜೊತೆಗಿರುತ್ತಾಳೆ, ಆಕೆಗೆ ಇನ್ಸುಲಿನ್ ನಡೆದಿದೆ. ಫ್ರಿಜ್ ಕೊಂಡಿದ್ದೇ ಅದಕ್ಕಾಗಿ. ಆದರೆ ಡಿಕ್ಕಿಯಲ್ಲಿರುವ ಕಂಪನಿ ಸಾಕೆಟ್‌ಗೆ ಹಾಕಿದರೆ ಹುಮನಾಬಾದ್ ಮುಟ್ಟುವುದರೊಳಗೆ ಎರಡು ಮೂರು ಸಲ ಬಂದ್ ಆಗುತ್ತದೆ. ಢಾಬಾದಲ್ಲಿ ಇಂಜಿನ್ ಆರಿಸಿ ಕೀ ಆನ್ ಇಟ್ಟರೆ ಹತ್ತು ನಿಮಿಷದಲ್ಲಿ ಎರರ್ ಬರುತ್ತದೆ. ಪ್ಲಗ್ ಮುಟ್ಟಿದರೆ ಕೈಗೆ ಬಿಸಿ. ಮೀಟರ್ ಹಿಡಿದು ನೋಡಿದೆ. ಕಂಪ್ರೆಸರ್ ಓಡುವಾಗ ಬ್ಯಾಟರಿಯಲ್ಲಿ 12.4 ವೋಲ್ಟ್, ಫ್ರಿಜ್ ಡಿಸ್‌ಪ್ಲೇಯಲ್ಲಿ 11.2. ಕಂಪ್ರೆಸರ್ ನಿಂತಾಗ ಫ್ರಿಜ್‌ನಲ್ಲೂ 12.4. ಒಬ್ಬರು ಬ್ಯಾಟರಿ ದೊಡ್ಡದು ಹಾಕಿಸಿ ಅಂದರು. ಇನ್ನೊಬ್ಬರು ಫ್ಯೂಸ್ 30 ಆಂಪಿಯರ್ ಮಾಡಿ ಅಂದರು. ಮನೆಯ ಇನ್ವರ್ಟರ್ ಬ್ಯಾಟರಿ ಡಿಕ್ಕಿಯಲ್ಲಿಟ್ಟುಕೊಳ್ಳಿ ಅಂದವರೂ ಇದ್ದಾರೆ. ಸರ್ವಿಸ್ ಸೆಂಟರ್‌ನವರು ವೈರ್ ಮುಟ್ಟಿದರೆ ವಾರಂಟಿ ಹೋಗುತ್ತದೆ ಎನ್ನುತ್ತಾರೆ. ಏನು ಮಾಡಲಿ? ಯಾವ ವೈರ್, ಎಷ್ಟರ ಫ್ಯೂಸ್, ಎರಡನೇ ಬ್ಯಾಟರಿ ಬೇಕೇ ಬೇಕಾ?

ಉತ್ತರ: ಫ್ರಿಜ್ ಕೆಟ್ಟಿಲ್ಲ, ಬ್ಯಾಟರಿಯೂ ಕೆಟ್ಟಂತೆ ಕಾಣುವುದಿಲ್ಲ. ಹೊಸದು ಯಾವುದನ್ನೂ ಸದ್ಯಕ್ಕೆ ಕೊಳ್ಳಬೇಡಿ. ಇಷ್ಟು ಧೈರ್ಯವಾಗಿ ಹೇಳಲು ಕಾರಣ ನೀವು ಕೊಟ್ಟ ಮೂರು ಅಂಕಿ. ನನ್ನ ಅಂಗಡಿಗೆ ಬರುವ ಹತ್ತರಲ್ಲಿ ಒಂಬತ್ತು ಮಂದಿ "ಬ್ಯಾಟರಿ ಫುಲ್ ಅದ ರೀ, ಆದ್ರೂ ಫ್ರಿಜ್ ನಡೀವಲ್ದು" ಅಂತ ಬರುತ್ತಾರೆ. ಕಂಪ್ರೆಸರ್ ಓಡುತ್ತಿರುವಾಗ ಎರಡೂ ತುದಿಯಲ್ಲಿ ಅಳೆದವರು ಅಪರೂಪ. ಕಂಪ್ರೆಸರ್ ನಿಂತಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಕರೆಂಟ್ ಹರಿಯದಿದ್ದರೆ ದಾರಿಯಲ್ಲಿ ವೋಲ್ಟ್ ಸೋರುವುದಿಲ್ಲ.

ನಿಮ್ಮ ಮನೆಯವರೋ ನೆಂಟರೋ ಹೊಲ ಮಾಡುತ್ತಿದ್ದರೆ ಇದು ಬೇಗ ಅರ್ಥವಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರದ ಬೋರ್ ಮೋಟರ್ ಸರಾಗವಾಗಿ ಓಡುತ್ತದೆ. ಲೈನಿನ ಕೊನೆಯ ಹೊಲದವನದು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಅವನ ಮೋಟರಿನ ತಪ್ಪೇನೂ ಇಲ್ಲ, ನಡುವಿನ ತಂತಿ ಸಣ್ಣದು, ದಾರಿ ಉದ್ದ. ನಿಮ್ಮ ಫ್ರಿಜ್ ಲೈನಿನ ಕೊನೆಯ ಹೊಲದಲ್ಲಿ ಕೂತಿದೆ. ಒಂದು ವ್ಯತ್ಯಾಸವೂ ಉಂಟು. 230 ವೋಲ್ಟ್‌ನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಒಂದು ಹೋದರೆ ಹನ್ನೆರಡನೇ ಒಂದು ಪಾಲೇ ಹೋಯಿತು.

ಆ 1.2 ವೋಲ್ಟ್ ಎಲ್ಲಿ ಹೋಯಿತು ಎಂದು ಅಂದಾಜು ಹಾಕೋಣ. ನಿಮ್ಮ ಅಳತೆಯ ಫ್ರಿಜ್ ಓಡುವಾಗ ಸುಮಾರು 5 ಆಂಪಿಯರ್ ಎಳೆಯುತ್ತದೆ. ಕಂಪನಿಯವರು ಡಿಕ್ಕಿ ಸಾಕೆಟ್‌ಗೆ ಎಳೆದ ವೈರ್ ಮೊಬೈಲ್ ಚಾರ್ಜರ್, ಟೈರ್ ಪಂಪ್‌ನಂಥವಕ್ಕೆ ಸಾಕೆಂದು ಹಾಕಿದ್ದು. ಅದನ್ನು 1 ಸ್ಕ್ವೇರ್ ಎಂಎಂ ಎಂದಿಟ್ಟುಕೊಳ್ಳಿ. ಆ ದಪ್ಪದ ತಾಮ್ರದ ಫ್ಲೆಕ್ಸಿಬಲ್ ವೈರ್ ಮೀಟರಿಗೆ 0.0195 ಓಮ್ ತಡೆ ಒಡ್ಡುತ್ತದೆ. ಫ್ಯೂಸ್ ಬಾಕ್ಸ್ ಸುತ್ತಿ ಬರುವಾಗ ಆರು ಮೀಟರ್ ಆಯಿತೆಂದರೆ ಅಲ್ಲೇ ಸುಮಾರು 0.6 ವೋಲ್ಟ್ ಹೋಯಿತು (ಇಲ್ಲಿ ವಾಪಸ್ ದಾರಿ ಗಾಡಿಯ ಬಾಡಿ, ಅದಕ್ಕೆ ಒಂದೇ ಕಡೆಯ ಲೆಕ್ಕ). ಫ್ರಿಜ್ ಜೊತೆ ಬಂದ ಮೂರು ಮೀಟರಿನ ಕಾರ್ಡ್ ಒಳಗಿನ ವೈರ್ 1.5 ಇದ್ದರೆ, ಹೋಗಿ ಬರುವ ದಾರಿ ಸೇರಿ ಇನ್ನೊಂದು 0.4. ಉಳಿದ 0.2 ಎಲ್ಲಿ? ನಿಮ್ಮ ಕೈಗೆ ಬಿಸಿ ತಾಗಿದ ಜಾಗದಲ್ಲಿ, ಪ್ಲಗ್ ತುದಿಯ ಸ್ಪ್ರಿಂಗ್‌ನಲ್ಲಿ. 0.2 ವೋಲ್ಟ್‌ಗೆ 5 ಆಂಪಿಯರ್ ಅಂದರೆ ಒಂದು ವಾಟ್ ಶಾಖ. ಕೇಳಲು ಏನೂ ಅಲ್ಲ. ಆದರೆ ಬಟಾಣಿ ಗಾತ್ರದ ಪಿನ್‌ನ ಮೇಲೆ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಗಂಟೆಗಟ್ಟಲೆ ಅದೇ ಒಂದು ವಾಟ್ ಸಾಕು ಸ್ಪ್ರಿಂಗ್ ಮೆತ್ತಗಾಗಲು. ಸ್ಪ್ರಿಂಗ್ ಮೆತ್ತಗಾದರೆ ಹಿಡಿತ ಸಡಿಲ, ಹಿಡಿತ ಸಡಿಲವಾದಷ್ಟೂ ಬಿಸಿ ಹೆಚ್ಚು.

ಆ ಸಾಕೆಟ್‌ನ ಮೂಲ ಕೆಲಸ ಸಿಗರೇಟ್ ಹಚ್ಚುವುದು. ಹತ್ತಿಪ್ಪತ್ತು ಸೆಕೆಂಡ್ ಕಾಯಿಸಿ ಹೊರಗೆ ತೆಗೆಯುವ ಸಾಮಾನಿಗೆ ಮಾಡಿದ ಗುಂಡಿ ಅದು. ದಿನವಿಡೀ ಕರೆಂಟ್ ಕೊಡಲು, ಅದೂ ರಸ್ತೆಯ ಕುಲುಕಾಟದಲ್ಲಿ, ಅದನ್ನು ಯಾರೂ ಮಾಡಿರಲಿಲ್ಲ. ಗಾಡಿ ಓಡುವಾಗಲೂ ಬಂದ್ ಆಗುತ್ತದೆ ಅಂದಿರಲ್ಲ, ಅದರ ಅರ್ಧ ಕಾರಣ ಈ ಪಿನ್ ಕುಣಿಯುವುದು. ಇನ್ನರ್ಧ ಬಿಎಸ್6 ಗಾಡಿಗಳ ಜಾಣ ಆಲ್ಟರ್ನೇಟರ್, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರ. ಹಳೆಯ ಗಾಡಿಗಳಲ್ಲಿ ಇಂಜಿನ್ ಓಡುತ್ತಿದ್ದರೆ ಹೆಚ್ಚುಕಡಿಮೆ 14 ವೋಲ್ಟ್ ಖಾತ್ರಿ. ಈಗಿನ ಹಲವು ಗಾಡಿಗಳಲ್ಲಿ ಬ್ಯಾಟರಿ ತುಂಬಿದೆ ಎಂದು ಕಂಪ್ಯೂಟರಿಗೆ ಅನ್ನಿಸಿದರೆ ಡೀಸೆಲ್ ಉಳಿಸಲು ಆಲ್ಟರ್ನೇಟರ್ ಅನ್ನು 12.5ರ ಆಸುಪಾಸಿಗೆ ಇಳಿಸುತ್ತದೆ. ಮೊದಲು 14ರಿಂದ 1.2 ಕಳೆದರೂ ಫ್ರಿಜ್ ಸುಮ್ಮನಿರುತ್ತಿತ್ತು. ಈಗ 12.5ರಿಂದ ಕಳೆದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಫ್ರಿಜ್‌ನಲ್ಲಿ ಬ್ಯಾಟರಿ ಕಾಯುವ ಸೆಟ್ಟಿಂಗ್ ಇರುತ್ತದೆ, ಹೈ, ಮೀಡಿಯಂ, ಲೋ ಎಂದು. ಕಂಪನಿಯಿಂದ ಕಂಪನಿಗೆ ಅಂಕಿ ಬೇರೆ. ಸಾಮಾನ್ಯವಾಗಿ ಹೈ ಅಂದರೆ 11ರಿಂದ 11.8ರ ನಡುವೆ ಎಲ್ಲೋ ಬಂದ್ ಆಗುವುದು, ಲೋ ಅಂದರೆ 10ರ ಹತ್ತಿರದವರೆಗೂ ಎಳೆಯುವುದು. ಹೈ ಎಂದರೆ ಹೆಚ್ಚು ಕರೆಂಟ್ ತಿನ್ನುತ್ತದೆ ಎಂದು ತಿಳಿದು ಲೋಗೆ ಇಡುವವರು ಬಹಳ. ಅರ್ಥ ತಿರುಗಾಮುರುಗಾ. ಹೈ ಇಟ್ಟರೆ ಬ್ಯಾಟರಿಗೆ ಕಾವಲು ಬಿಗಿ, ಲೋ ಇಟ್ಟರೆ ಕಾವಲುಗಾರ ಮಲಗಿದ್ದಾನೆ. ಈ ಕಾವಲುಗಾರ ಬ್ಯಾಟರಿಯ ಹತ್ತಿರ ನಿಂತಿಲ್ಲ ಎಂಬುದೇ ಕಷ್ಟ. ಅವನು ವೈರಿನ ಈ ತುದಿಯಲ್ಲಿ ನಿಂತು, ತನಗೆ ಕಂಡದ್ದೇ ಬ್ಯಾಟರಿ ಅಂದುಕೊಳ್ಳುತ್ತಾನೆ. ವೈರ್ ಸಣ್ಣದಿದ್ದಾಗ ಹೈ ಇಟ್ಟರೆ ಬ್ಯಾಟರಿ ತುಂಬಿರುವಾಗಲೇ ಬಂದ್. ಅದಕ್ಕೆ ಬೇಸತ್ತು ಜನ ಲೋಗೆ ಇಡುತ್ತಾರೆ. ಆಗ ಹಗಲಿಗೆ ಫ್ರಿಜ್ ಓಡುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಬ್ಯಾಟರಿಗೆ ಬೈಗುಳ. ವೈರ್ ಸರಿ ಮಾಡಿದ ಮೇಲೆ ಮಾತ್ರ ಆ ಸೆಟ್ಟಿಂಗ್ ನಂಬಬಹುದು. ಆಮೇಲೆ ಹೈನಲ್ಲೇ ಇಡಿ.

ಈಗ ನಿಮಗೆ ಸಿಕ್ಕ ಸಲಹೆಗಳು. ಫ್ಯೂಸ್ 30 ಮಾಡಿ ಅಂದವರ ಮಾತು ಮೊದಲು, ಏಕೆಂದರೆ ಉಳಿದವು ದುಡ್ಡು ಕಳೆಯುತ್ತವೆ, ಇದು ಗಾಡಿಯನ್ನೇ ಕಳೆಯಬಹುದು. ನಿಮ್ಮ ಫ್ಯೂಸ್ ಹೋಗಿಯೇ ಇಲ್ಲ. ಹೋಗದ ಫ್ಯೂಸನ್ನು ದೊಡ್ಡದು ಮಾಡಿದರೆ ಲಾಭ ಏನು? ಫ್ಯೂಸ್ ಇರುವುದು ಫ್ರಿಜ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ. ಸಣ್ಣ ವೈರಿಗೆ 30ರ ಫ್ಯೂಸ್ ಹಾಕಿದ ದಿನ ವೈರೇ ಫ್ಯೂಸ್ ಆಗುತ್ತದೆ. ಅದು ಕರಗುವುದು ಸೀಟಿನ ಕೆಳಗೆ, ಕಾರ್ಪೆಟ್ ಒಳಗೆ. "ಹನ್ನೆರಡು ವೋಲ್ಟ್ ಅಲ್ಲೇನ್ರಿ, ಏನಾಗ್ತದ?" ಅನ್ನುವ ಮಾತು ನಾನು ಕಲಿಯಲು ಸೇರಿದ ಗ್ಯಾರೇಜ್‌ನಲ್ಲೂ ಇತ್ತು. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಖರೆ. ಆದರೆ ಸ್ಟಾರ್ಟರ್ ತಿರುಗಿಸಲು ನೂರಾರು ಆಂಪಿಯರ್ ಕೊಡುವ ಬ್ಯಾಟರಿ, ಶಾರ್ಟ್ ಆದರೆ ಅದಕ್ಕಿಂತ ಹೆಚ್ಚು ಕೊಡುತ್ತದೆ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ತಾಗಿ ವೆಲ್ಡಿಂಗ್ ಆದದ್ದು ನಮ್ಮಲ್ಲಿ ಪ್ರತಿ ಹುಡುಗನೂ ಒಮ್ಮೆ ನೋಡಿದ್ದಾನೆ.

ಕೆಲವು ವರ್ಷದ ಹಿಂದೆ ಚಿಂಚೋಳಿ ಕಡೆಯಿಂದ ಒಂದು ಜೀಪ್ ಹಗ್ಗ ಕಟ್ಟಿ ಎಳೆದು ತಂದಿದ್ದರು. ಮಾಲೀಕರೇ ಭಾನುವಾರ ಕೂತು ಬ್ಯಾಟರಿಯಿಂದ ಹಿಂದಕ್ಕೆ ಮನೆ ವೈರಿಂಗಿನ ಕೇಬಲ್ ಎಳೆದಿದ್ದರು. ಕೆಲಸ ಅಚ್ಚುಕಟ್ಟಾಗಿಯೇ ಇತ್ತು, ಫ್ಯೂಸ್ ಕೂಡ ಇತ್ತು. ಆದರೆ ಹಿಂದೆ, ಸಾಕೆಟ್ ಪಕ್ಕದಲ್ಲಿ, ಕಣ್ಣಿಗೆ ಕಾಣುವ ಹಾಗೆ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿಗೆ ತೂತು ಹೊಡೆದಿದ್ದರು, ರಬ್ಬರ್ ಬುಷ್ ಹಾಕಿರಲಿಲ್ಲ. ಆರು ತಿಂಗಳ ಕುಲುಕಾಟಕ್ಕೆ ತಗಡಿನ ಅಂಚು ವೈರಿನ ಮೇಲ್ಪದರ ಕತ್ತರಿಸಿತು. ಶಾರ್ಟ್ ಆದದ್ದು ಬ್ಯಾಟರಿ ಮತ್ತು ಫ್ಯೂಸ್ ನಡುವೆ. ಆ ಕರೆಂಟ್ ಫ್ಯೂಸ್ ಹತ್ತಿರ ಬರುವ ಪ್ರಮೇಯವೇ ಇಲ್ಲ, ಅದಕ್ಕೆ ಸಮೀಪದ ದಾರಿ ಸಿಕ್ಕಿತ್ತು. ಟರ್ಮಿನಲ್ ಕಿತ್ತೆಸೆಯಲು ಹೊಳೆದದ್ದರಿಂದ ಗಾಡಿ ಉಳಿಯಿತು, ಎರಡು ಬೆರಳು ಸುಟ್ಟವು. ಅಂದಿನಿಂದ ನನ್ನ ಹುಡುಗರಿಗೆ ಒಂದೇ ಅಳತೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಒಂದು ಗೇಣಿನೊಳಗೆ ಇರಬೇಕು.

ಬ್ಯಾಟರಿ ದೊಡ್ಡದು ಹಾಕಿದರೆ? 12.4 ಎನ್ನುವುದು 12.5 ಆದೀತು. ನಡುವಿನ 1.2 ಹಾಗೆಯೇ ಇರುತ್ತದೆ. ಮನೆಯ ಇನ್ವರ್ಟರ್‌ನ ಟ್ಯೂಬುಲಾರ್ ಬ್ಯಾಟರಿಯಂತೂ ಗಾಡಿಯೊಳಗೆ ಬೇಡವೇ ಬೇಡ. ಐವತ್ತು ಕಿಲೋ ಆಸುಪಾಸಿನ ಭಾರ, ಒಳಗೆ ದ್ರವ ರೂಪದ ಆಸಿಡ್, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಪಕ್ಕದ ಸೀಟಿನಲ್ಲಿ ನಿಮ್ಮ ತಾಯಿಯವರು ಕೂತಿರುತ್ತಾರೆ. 230 ವೋಲ್ಟ್‌ನ ಸಣ್ಣ ಇನ್ವರ್ಟರ್ ಕೊಂಡು ಅದರಿಂದ ಫ್ರಿಜ್ ಓಡಿಸುವ ಆಲೋಚನೆಯೂ ಕೆಲವರದು. ಅದು 12ನ್ನು 230 ಮಾಡಿ, ಫ್ರಿಜ್‌ನ ಅಡಾಪ್ಟರ್ ಮತ್ತೆ ಅದನ್ನು 12ಕ್ಕೆ ಇಳಿಸಿ, ಎರಡೂ ಕಡೆ ಸುಂಕ ಕಟ್ಟಿದ ಹಾಗೆ.

ವಾರಂಟಿ ಮಾತು ಪೂರ್ತಿ ಸುಳ್ಳಲ್ಲ. ಕಂಪನಿಯ ವೈರಿಂಗ್ ಕತ್ತರಿಸಿ, ಸುಲಿದು, ಟೇಪ್ ಸುತ್ತಿದರೆ ನಾಳೆ ಯಾವ ಎಲೆಕ್ಟ್ರಿಕಲ್ ದೂರು ಬಂದರೂ ಅದನ್ನೇ ತೋರಿಸುತ್ತಾರೆ, ಅವರ ಜಾಗದಲ್ಲಿ ನಾನಿದ್ದರೂ ತೋರಿಸುತ್ತೇನೆ. ಹಾಗಾಗಿ ಕಂಪನಿಯ ಒಂದೇ ಒಂದು ವೈರನ್ನೂ ಮುಟ್ಟದೆ ಬೇರೆಯದೇ ಲೈನ್ ಎಳೆಯುವುದು. ಬೇಡವಾದ ದಿನ ಎರಡು ನಟ್ ಬಿಚ್ಚಿ ಪೂರ್ತಿ ತೆಗೆಯುವಂತಿರಬೇಕು. ಮೊದಲೇ ಸರ್ವಿಸ್ ಸೆಂಟರ್‌ನಲ್ಲಿ ಹೀಗೆ ಮಾಡಿಸುತ್ತೇನೆ ಎಂದು ಹೇಳಿ, ಅವರು ಏನನ್ನುತ್ತಾರೋ ಬರೆಸಿಕೊಂಡರೆ ಇನ್ನೂ ಚೆನ್ನ.

ನಾನು ನಿಮ್ಮ ಗಾಡಿಗೆ ಮಾಡುವುದಾದರೆ ಹೀಗೆ ಮಾಡುತ್ತೇನೆ.

ವೈರ್ 6 ಸ್ಕ್ವೇರ್ ಎಂಎಂ, ಅಪ್ಪಟ ತಾಮ್ರ, ಎಳೆಗಳು ಕೂದಲಿನಂತೆ ಸಣ್ಣವಾಗಿರುವ ವಾಹನದ ಕೇಬಲ್, 105 ಡಿಗ್ರಿ ತಾಳುವಂಥದ್ದು. ಲೆಕ್ಕ ನೋಡಿ: ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್, ಹೋಗಿ ಬಂದು ಹತ್ತು. 5 ಆಂಪಿಯರ್‌ಗೆ ಇದರಲ್ಲಿ ಹೋಗುವುದು 0.17 ವೋಲ್ಟ್ ಮಾತ್ರ. 4ರ ವೈರ್ ಹಾಕಿದರೆ 0.25, ಅದೂ ನಡೆಯುತ್ತದೆ. 2.5 ಹಾಕಿದರೆ 0.4. ಬಿಸಿಯಾದ ತಾಮ್ರದ ತಡೆ ಇನ್ನೂ ಹೆಚ್ಚು: 20 ಡಿಗ್ರಿಯ ಲೆಕ್ಕಕ್ಕೆ ಹೋಲಿಸಿದರೆ 60 ಡಿಗ್ರಿಯಲ್ಲಿ ನೂರಕ್ಕೆ ಹದಿನಾರರಷ್ಟು ಏರುತ್ತದೆ. ನಮ್ಮ ಮೇ ತಿಂಗಳಲ್ಲಿ ಬಾನೆಟ್ ಕೆಳಗೆ 60 ಏನು ದೊಡ್ಡ ಮಾತಲ್ಲ. ಹಾಗಾಗಿ ದಪ್ಪದ ಕಡೆಗೇ ವಾಲುತ್ತೇನೆ. ದಪ್ಪ ವೈರ್ ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಎಳೆಯುವುದು ಫ್ರಿಜ್. ವೋಲ್ಟ್ ಕುಸಿದರೆ ಅದೇ ಕೆಲಸಕ್ಕೆ ಕಂಪ್ರೆಸರ್ ಇನ್ನಷ್ಟು ಆಂಪಿಯರ್ ಎಳೆಯಬೇಕಾಗುತ್ತದೆ, ಅಂದರೆ ಸಣ್ಣ ವೈರೇ ದುಬಾರಿ.

ಕಾರ್ ಸ್ಟೀರಿಯೊ ಆಂಪ್ಲಿಫೈಯರ್‌ಗೆಂದು ಮಾರುವ ಹೊಳೆಯುವ ದಪ್ಪ ವೈರ್ ಕಿಟ್‌ಗಳ ಬಗ್ಗೆ ಎಚ್ಚರ. ಅಗ್ಗದವುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ. ತಡೆ ಸುಮಾರು ಒಂದೂವರೆ ಪಟ್ಟು, ಜೊತೆಗೆ ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಉಂಗುರ) ಹಿಡಿತ ಕಾಲಕ್ರಮೇಣ ಸಡಿಲ. ಅಂಗಡಿಯಲ್ಲೇ ಒಂದು ಎಳೆ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ತವರ ಹಚ್ಚಿದ ತಾಮ್ರದ ವೈರೂ ಉಂಟು, ಅದು ಮೇಲೆ ಬಿಳಿ, ಒಳಗೆ ಕೆಂಪು. ಅದು ಒಳ್ಳೆಯದೇ.

ಪ್ಲಸ್ ಅನ್ನು ಬ್ಯಾಟರಿ ಟರ್ಮಿನಲ್‌ನ ನಟ್‌ನಿಂದ ಲಗ್ ಹಾಕಿ ತಗೊಳ್ಳಿ, ಗೇಣಿನೊಳಗೆ ನೀರು ನುಗ್ಗದ ಹೋಲ್ಡರ್‌ನಲ್ಲಿ 15 ಆಂಪಿಯರ್ ಬ್ಲೇಡ್ ಫ್ಯೂಸ್. ವೈರ್ 6ರದು ಆದರೂ ಫ್ಯೂಸ್ 15 ಏಕೆ? ಕೊನೆಯಲ್ಲಿ ಫ್ರಿಜ್‌ನ ಸಣ್ಣ ಕಾರ್ಡ್ ಇದೆ. ಸರಪಳಿಯ ಸಣ್ಣ ಕೊಂಡಿಗೆ ತಕ್ಕ ಫ್ಯೂಸ್ ಬೇಕು. ಕಂಪ್ರೆಸರ್ ಏಳುವಾಗಿನ ಹೆಚ್ಚಿನ ಎಳೆತಕ್ಕೂ 15 ಸಾಕಾಗುತ್ತದೆ.

ಮೈನಸ್ ವಿಷಯದಲ್ಲಿ ಬಿಎಸ್6 ಗಾಡಿಗೆ ಒಂದು ವಿಶೇಷ. ನಿಮ್ಮ ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಸಣ್ಣ ಕಪ್ಪು ಡಬ್ಬಿ, ಅದಕ್ಕೊಂದು ತೆಳು ವೈರ್ ಇದೆಯೇ ನೋಡಿ. ಅದು ಬ್ಯಾಟರಿ ಸೆನ್ಸರ್, ಹೋಗಿ ಬರುವ ಕರೆಂಟನ್ನೆಲ್ಲ ಎಣಿಸುತ್ತದೆ. ಫ್ರಿಜ್‌ನ ಮೈನಸ್ ಅನ್ನು ನೇರ ಟರ್ಮಿನಲ್‌ಗೆ ಕಟ್ಟಿದರೆ ಆ ಕರೆಂಟ್ ಎಣಿಕೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಆಗ ಬ್ಯಾಟರಿ ಇಳಿದಿದ್ದರೂ ಕಂಪ್ಯೂಟರ್ ತುಂಬಿದೆ ಎಂದುಕೊಂಡು ಚಾರ್ಜ್ ಕಡಿಮೆ ಮಾಡುತ್ತದೆ. ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಬಂದು ಕೂರುವ ಬೋಲ್ಟ್ ಇದೆಯಲ್ಲ, ಅಲ್ಲಿ ಕಟ್ಟಿ. ಹಿಂದೆ ಡಿಕ್ಕಿಯಲ್ಲೇ ಬಾಡಿ ಅರ್ಥ್ ತಗೊಂಡರೆ ವೈರ್ ಅರ್ಧ ಉಳಿಯುತ್ತದೆ, ಹಲವರು ಮಾಡುತ್ತಾರೆ, ಚೆನ್ನಾಗಿ ಪೇಂಟ್ ಕೆರೆದು ಕಟ್ಟಿದರೆ ನಡೆಯುತ್ತದೆ ಕೂಡ. ಎರಡು ಮಳೆಗಾಲ ಕಳೆದ ಮೇಲೆ ಆ ಬೋಲ್ಟ್ ಹೇಗಿರುತ್ತದೆ ಎಂದು ನೋಡಿ ನೋಡಿ ನಾನು ಎರಡು ವೈರ್ ಎಳೆಯುವುದಕ್ಕೇ ಬಂದಿದ್ದೇನೆ.

ಲಗ್‌ಗಳನ್ನು ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿಸಿ, ಇಕ್ಕಳದಲ್ಲಿ ಹಿಸುಕುವುದಲ್ಲ. ಬೆಸುಗೆ ಹಾಕಿದರೆ ಇನ್ನೂ ಗಟ್ಟಿ ಎನ್ನುವವರಿದ್ದಾರೆ. ಸೀಸ ಎಳೆಗಳೊಳಗೆ ಇಳಿದು ವೈರ್ ಕಡ್ಡಿಯಾಗುತ್ತದೆ, ಕಡ್ಡಿ ಮುಗಿಯುವ ಗೆರೆಯಲ್ಲೇ ಕುಲುಕಾಟಕ್ಕೆ ಮುರಿಯುತ್ತದೆ. ತಗಡು ದಾಟುವಲ್ಲಿ ಗ್ರೋಮೆಟ್ ಎಂಬ ರಬ್ಬರ್ ಬುಷ್, ಉದ್ದಕ್ಕೂ ಸುಕ್ಕು ಪೈಪ್. ಸೈಲೆನ್ಸರ್, ಟರ್ಬೊ, ಪೆಡಲ್‌ಗಳಿಂದ ದೂರ. ಒಳಗೆ ಬಾಗಿಲ ಹೊಸ್ತಿಲ ಪಟ್ಟಿಯ ಕೆಳಗೆ ಹಾಯಿಸಬೇಕು, ಸೀಟಿನ ಹಳಿಗೆ ಸಿಕ್ಕಿ ಜಜ್ಜದಂತೆ. ಅಲ್ಲಿ ಹಳದಿ ಬಣ್ಣದ ವೈರ್ ಅಥವಾ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ. ಅದು ಏರ್‌ಬ್ಯಾಗ್‌ನದು. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡುವ ಜಾಗವೂ ಅದಲ್ಲ.

ಡಿಕ್ಕಿಯ ತುದಿಗೆ ಮತ್ತೆ ಅದೇ ಸಿಗರೇಟ್ ಸಾಕೆಟ್ ಹಾಕಿದರೆ ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆ. ಆಂಡರ್ಸನ್ 50 ಮಾದರಿಯ ಕನೆಕ್ಟರ್ ಹಾಕಿಸಿ. ಹೆಸರು ಹೊಸದು ಅನ್ನಿಸಿದರೂ ವಸ್ತು ನೋಡಿರುತ್ತೀರಿ, ಬಹಳಷ್ಟು ಬ್ಯಾಟರಿ ರಿಕ್ಷಾಗಳಲ್ಲಿ ಚಾರ್ಜಿಂಗಿಗೆ ಇರುವ ಎರಡು ಕಣ್ಣಿನ ದಪ್ಪ ಪ್ಲಗ್ ಅದೇ. ಒಮ್ಮೆ ಕೂತರೆ ಕುಲುಕಾಟಕ್ಕೆ ಏಳುವುದಿಲ್ಲ. ಧೂಳಿಗೆ ಮುಚ್ಚಳ ಇರುವುದನ್ನೇ ಕೇಳಿ, ಸೇಡಂ ಕಡೆ ಓಡಾಡುವ ಗಾಡಿಗಳ ಕನೆಕ್ಟರ್ ಒಳಗೆ ಸಿಮೆಂಟ್ ಧೂಳು ಗಟ್ಟಿ ಕಟ್ಟಿರುವುದನ್ನು ಎಷ್ಟೋ ಸಲ ಕೆರೆದಿದ್ದೇನೆ. ಫ್ರಿಜ್ ಕಡೆಗೆ ಇನ್ನೊಂದು ಡಿಸಿ ಕಾರ್ಡ್ ಕೊಂಡು, ಅದನ್ನು ಒಂದು ಮೀಟರಿಗೆ ಕತ್ತರಿಸಿ ಈ ಪ್ಲಗ್ ಹಾಕಿ. ಮೂಲ ಕಾರ್ಡ್ ಹಾಗೇ ಇರಲಿ, ಫ್ರಿಜ್‌ನ ವಾರಂಟಿಗೂ ಆಯಿತು, ದಾರಿಯಲ್ಲಿ ಆಪತ್ತಿಗೂ ಆಯಿತು. ಕಾರ್ಡ್ ಮೂರರಿಂದ ಒಂದು ಮೀಟರಿಗೆ ಇಳಿದಾಗ ಅಲ್ಲೊಂದು ಕಾಲು ವೋಲ್ಟ್ ಉಳಿಯುತ್ತದೆ.

ಎರಡನೇ ಬ್ಯಾಟರಿ? ನಿಮಗೆ ಈಗ ಬೇಡ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹೀಗೆ. ನಿಮ್ಮಂಥ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ 70 ಆಂಪಿಯರ್ ಅವರ್ ಹತ್ತಿರ, ಅಂದರೆ ಒಂದು ಆಂಪಿಯರಿನಂತೆ 70 ಗಂಟೆ ಕೊಡುವಷ್ಟು. ಬೆಳಿಗ್ಗೆ ಡೀಸೆಲ್ ಇಂಜಿನ್ ಏಳಬೇಕೆಂದರೆ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮುಟ್ಟಬಾರದು, ಅಂದರೆ 23. ನಮ್ಮ ಮೇ ತಿಂಗಳ ಬಿಸಿಲಲ್ಲಿ ಕಂಪ್ರೆಸರ್ ಗಂಟೆಯಲ್ಲಿ 35 ನಿಮಿಷವಾದರೂ ಓಡುತ್ತದೆ, ಸರಾಸರಿ 3 ಆಂಪಿಯರ್. ಏಳೆಂಟು ಗಂಟೆ ಬಂತು. ತಂಪು ರಾತ್ರಿಯಲ್ಲಿ ಸರಾಸರಿ ಒಂದೂವರೆಗೆ ಇಳಿದರೆ ಹದಿನೈದು ಗಂಟೆ. ಬ್ಯಾಟರಿ ಹೊಸದಿದ್ದರೆ ಈ ಮಾತು. ನಮ್ಮ ಊರಿನ ಸೆಖೆಗೆ ಎರಡು ಮೂರು ವರ್ಷ ದಾಟಿದ ಬ್ಯಾಟರಿಯಾದರೆ ಅರ್ಧ ಎಂದು ಹಿಡಿಯಿರಿ, ಹೊರಡುವ ಮುಂಚೆ ಲೋಡ್ ಟೆಸ್ಟ್ ಮಾಡಿಸಿ. ಲಾಡ್ಜ್‌ನಲ್ಲಿ ಇಳಿದಾಗ ಫ್ರಿಜ್ ಅನ್ನೇ ಕೋಣೆಗೆ ಒಯ್ದು ಗೋಡೆಯ ಸಾಕೆಟ್‌ಗೆ ಹಾಕಿ. ಟೆಂಟ್‌ನ ಮೂರ್ನಾಲ್ಕು ರಾತ್ರಿಗಾಗಿ ಪೂರ್ತಿ ಎರಡನೇ ಬ್ಯಾಟರಿಯ ಸಂಸಾರ ಕಟ್ಟಬೇಕಾಗಿಲ್ಲ.

ಮುಂದೆ ವಾರಗಟ್ಟಲೆ ಕಾಡಿನಲ್ಲಿ ಉಳಿಯುವ ಹುಚ್ಚು ಹತ್ತಿದರೆ ಆಗ ಮಾಡಿಸಿ. ಹಾಗೆ ಮಾಡಿಸುವಾಗ ಹಳೆಯ ಗಾಡಿಗಳ ಹಾಗೆ ವೋಲ್ಟ್ ನೋಡಿ ಎರಡೂ ಬ್ಯಾಟರಿಗಳನ್ನು ತಾನೇ ಕೂಡಿಸಿ ಬಿಡುವ ರಿಲೇ ನಿಮ್ಮ ಗಾಡಿಗೆ ಹೊಂದುವುದಿಲ್ಲ. ಜಾಣ ಆಲ್ಟರ್ನೇಟರ್ ವೋಲ್ಟ್ ಇಳಿಸಿದಾಗ ಅದು ಬಿಟ್ಟುಬಿಡುತ್ತದೆ. ಲಿಥಿಯಂ ಬ್ಯಾಟರಿಗಾದರೆ ತಿರುವು ಇನ್ನೊಂದು: ಅದು ತುಂಬಿದಾಗ ತಾನೇ 13.3ರ ಹತ್ತಿರ ನಿಲ್ಲುವುದರಿಂದ ಇಂಜಿನ್ ಆರಿಸಿದರೂ ರಿಲೇ ಬಿಡದೇ ಇರಬಹುದು. ಇಳಿದ ವೋಲ್ಟನ್ನು ಏರಿಸಿ ಎರಡನೇ ಬ್ಯಾಟರಿ ತುಂಬುವ ಡಿಸಿ-ಡಿಸಿ ಚಾರ್ಜರ್ ಬೇಕು, ಕೀ ಆನ್ ಆದಾಗ ಶುರುವಾಗುವಂಥದ್ದು. 20 ಆಂಪಿಯರ್ ಚಾರ್ಜರ್ ಗಾಡಿಯ ಬ್ಯಾಟರಿ ಕಡೆಯಿಂದ 25ಕ್ಕೂ ಹೆಚ್ಚು ಎಳೆಯುತ್ತದೆ. ಅದಕ್ಕೆ ನಾನು ಮೇಲೆ ಹೇಳಿದ 6ರ ವೈರ್ ಸಾಲದು, 10 ಅಥವಾ 16 ಬೇಕು. ಆ ದಿನ ಬಂದೇ ಬರುತ್ತದೆ ಎಂದು ನಿಮಗೆ ಖಾತ್ರಿ ಇದ್ದರೆ ಈಗಲೇ 16 ಎಳೆಸಿ, ಪಟ್ಟಿ ಕಿತ್ತು ಹಾಕುವ ಕೆಲಸ ಎರಡು ಸಲ ಆಗುವುದಿಲ್ಲ. ಆದರೆ ಲಿಥಿಯಂ ಅನ್ನು ಬಾನೆಟ್ ಒಳಗಾಗಲಿ ಹಿಂದಿನ ಗಾಜಿನ ಬಿಸಿಲಿಗಾಗಲಿ ಇಡಬೇಡಿ. ಹೆಚ್ಚಿನವುಗಳ ಚಾರ್ಜಿಂಗ್ ಮಿತಿ 45ರಿಂದ 55 ಡಿಗ್ರಿಯೊಳಗೆ. ಮಧ್ಯಾಹ್ನ ಕಲಬುರಗಿಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿ ಅದನ್ನು ಸುಲಭವಾಗಿ ದಾಟುತ್ತದೆ.

ಬಿಸಿಲಿನ ಮಾತು ಬಂತಲ್ಲ. ಫ್ರಿಜ್‌ನ ಹಿಂದಿನ ಚೀಟಿಯಲ್ಲಿ "ಟಿ" ವರ್ಗ ಎಂದಿದ್ದರೆ ಅದು 43 ಡಿಗ್ರಿವರೆಗಿನ ಸುತ್ತಲಿನ ಸೆಖೆಗೆ ಮಾಡಿದ್ದು. ನಮ್ಮಲ್ಲಿ ಮೇ ತಿಂಗಳ ನೆರಳಿನಲ್ಲೇ ಅಷ್ಟು ಮುಟ್ಟುತ್ತದೆ, ಮುಚ್ಚಿದ ಗಾಡಿಯೊಳಗೆ ಕೇಳುವುದೇ ಬೇಡ. ಗಾಳಿ ಕಂಡಿಗಳ ಮುಂದೆ ಚಾಪೆ, ಚೀಲ ಒತ್ತಿ ಇಟ್ಟರೆ ಎಂಥ ವೈರ್ ಹಾಕಿದರೂ ಅದು ತಂಪು ಮಾಡಲಾರದು, ಒಂದು ಅಂಗೈ ಜಾಗ ಬಿಡಿ. ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ಥಂಡ ಮಾಡಿ, ಥಂಡಾದ ಸಾಮಾನನ್ನೇ ತುಂಬಿ. ನಿಮ್ಮದು ಕಂಪ್ರೆಸರ್ ಫ್ರಿಜ್ ಎಂದು ಬರೆದದ್ದು ನೋಡಿ ಸಮಾಧಾನವಾಯಿತು. ಅಗ್ಗಕ್ಕೆ ಸಿಗುವ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಡಬ್ಬಿಗಳು ಹೊರಗಿನ ಸೆಖೆಗಿಂತ ಹದಿನೈದಿಪ್ಪತ್ತು ಡಿಗ್ರಿ ಕಡಿಮೆ ಮಾಡುತ್ತವೆ, ಅಷ್ಟೇ. ಹೊರಗೆ 43 ಇದ್ದರೆ ಒಳಗೆ 25. ಶೇಂಗಾ ಹಿಂಡಿಗೆ ಸಾಕು, ಇನ್ಸುಲಿನ್‌ಗೆ ಅಲ್ಲ.

ಇನ್ಸುಲಿನ್ ಬಗ್ಗೆ ಡಾಕ್ಟರ್ ಹೇಳಬೇಕು, ನಾನು ವೈರ್‌ನವನು. ಆದರೂ ಫ್ರಿಜ್ ಕಡೆಯಿಂದ ಹೇಳಬೇಕಾದದ್ದು ಎರಡುಂಟು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತೆಂದೇ ಲೆಕ್ಕ. ಕಾರ್ ಫ್ರಿಜ್‌ಗಳ ಗೋಡೆ ಸೆಟ್ಟಿಂಗ್‌ಗಿಂತ ಬಹಳ ತಣ್ಣಗಿರುತ್ತದೆ, ಗೋಡೆಗೆ ತಾಗಿಸಬೇಡಿ. 5ಕ್ಕೆ ಸೆಟ್ ಮಾಡಿ, ನಡುವೆ ಡಬ್ಬಿಯಲ್ಲಿಟ್ಟು, ಪಕ್ಕದಲ್ಲೊಂದು ಬೇರೆ ಥರ್ಮಾಮೀಟರ್ ಹಾಕಿ. ಎರಡನೆಯದು ಸ್ಪಿತಿಯ ರಾತ್ರಿಯದು. ಅಲ್ಲಿನ ಮುಖ್ಯ ಊರು ಕಾಜಾ 3,600 ಮೀಟರಿಗೂ ಎತ್ತರ. ಜೂನ್ ಶುರುವಿನಲ್ಲೂ ರಾತ್ರಿ ಕೊರೆಯುವ ಥಂಡಿ, ಇನ್ನೂ ಮೇಲಿನ ಊರುಗಳಲ್ಲಿ ಶೂನ್ಯ ಮುಟ್ಟಬಹುದು. ಹೆಚ್ಚಿನ ಕಾರ್ ಫ್ರಿಜ್‌ಗಳಿಗೆ ತಂಪು ಮಾಡಲು ಗೊತ್ತು, ಕಾಯಿಸಲು ಬರುವುದಿಲ್ಲ. ಅಲ್ಲಿ ರಾತ್ರಿ ಔಷಧಿಯನ್ನು ಗಾಡಿಯಲ್ಲಿ ಬಿಡದೆ ನಿಮ್ಮ ಜೊತೆಯೇ ಒಯ್ಯಿರಿ.

ಪೂರ್ತಿ ಸಂಗ್ರಹವನ್ನು ಒಂದೇ ಫ್ರಿಜ್ ನಂಬಿ ಇಡಬೇಡಿ. ನೀರಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳು ಸಿಗುತ್ತವೆ, ಅವುಗಳಲ್ಲಿನ ನೀರು ಆವಿಯಾಗುತ್ತ ತಂಪು ಮಾಡುತ್ತದೆ, ನಮ್ಮ ಮಣ್ಣಿನ ರಂಜಣಗಿಯ ನೀರು ಥಂಡಾಗುವುದೂ ಅದೇ ಕಾರಣಕ್ಕೆ. ಬೀದರ್-ಕಲಬುರಗಿಯ ಒಣ ಬಿಸಿಲಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಬಳಕೆಯಲ್ಲಿರುವ ಪೆನ್ ಸಾಮಾನ್ಯವಾಗಿ 25–30 ಡಿಗ್ರಿಯೊಳಗೆ ಕೆಲವು ವಾರ ತಾಳುತ್ತದೆ. ಎಷ್ಟು ದಿನ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಒಮ್ಮೆ ನಿಮ್ಮ ಡಾಕ್ಟರನ್ನೂ ಕೇಳಿ.

ಕೆಲಸ ಮುಗಿದ ಮೇಲೆ ನೇರವಾಗಿ ಸ್ಪಿತಿಗೆ ಹೊರಡಬೇಡಿ. ಒಂದು ಭಾನುವಾರ ಫ್ರಿಜ್ ತುಂಬಿಕೊಂಡು ಬೀದರ್ ಕೋಟೆ ನೋಡಿ ಬನ್ನಿ. ಅಲ್ಲಿ ನೆರಳಿಗೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಕಂಪ್ರೆಸರ್ ಓಡುವಾಗ ಮತ್ತೆ ಎರಡೂ ತುದಿ ಅಳೆಯಿರಿ. ಫರಕು 0.3, 0.4 ಇದ್ದರೆ ಸರಿಯಾಗಿದೆ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಒಂದು ಲಗ್ ಸರಿಯಾಗಿ ಕೂತಿಲ್ಲ. ಅರ್ಧ ಗಂಟೆ ಓಡಲು ಬಿಟ್ಟು ಬ್ಯಾಟರಿಯಿಂದ ಡಿಕ್ಕಿಯವರೆಗೆ ಒಂದೊಂದೇ ಜೋಡಣೆಯ ಮೇಲೆ ಹೊದಿಕೆಯ ಹೊರಗಿನಿಂದ ಬೆರಳಿಟ್ಟು ನೋಡಿ. ಬಿಸಿ ಇರುವುದನ್ನು ಕತ್ತರಿಸಿ ಮತ್ತೆ ಒತ್ತಿಸಿ.